ಮೊದಲ ಸಲ ಶೂಟಿಂಗ್ ರೇಂಜ್‌ಗೆ ಹೋಗ್ತಿದ್ದೀನಿ, ಏನೇನು ಗೊತ್ತಿರಬೇಕು?

ಪ್ರಶ್ನೆ (ಮೈಸೂರಿನಿಂದ): ಸರ್, ನನಗೆ 38 ವಯಸ್ಸು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಾಗಿನಿಂದ ಒಂದು ಕೈ ನೋಡಬೇಕು ಅಂತ ಆಸೆ. ಈ ಭಾನುವಾರ 10 ಮೀಟರ್ ಏರ್ ರೈಫಲ್ ರೇಂಜ್‌ಗೆ ಹೋಗ್ತಿದ್ದೇನೆ. ಬಂದೂಕು ಮುಟ್ಟಿಯೂ ಗೊತ್ತಿಲ್ಲ. ಲೈಸೆನ್ಸ್ ಬೇಕಾ? ಭುಜಕ್ಕೆ ಪೆಟ್ಟು ಬೀಳುತ್ತಾ? ಕನ್ನಡಕ ಹಾಕ್ತೀನಿ, ಎಡಗಣ್ಣೊಂದನ್ನೇ ಮುಚ್ಚೋಕೆ ನನಗೆ ಬರೋದೇ ಇಲ್ಲ.

ಉತ್ತರ (ಶೂಟಿಂಗ್ ಕೋಚ್): ಲೈಸೆನ್ಸ್ ಬೇಡ ಮೇಡಂ, ಗುರುತಿನ ಚೀಟಿ ಜೊತೆಗಿರಲಿ. ಈ ರೈಫಲ್‌ನಲ್ಲಿ ಮದ್ದು ಇಲ್ಲ. ಒತ್ತಿಟ್ಟ ಗಾಳಿಯೇ 4.5 ಮಿಲಿಮೀಟರ್‌ನ ಸೀಸದ ಪೆಲೆಟ್ ಅನ್ನು, ಅಂದರೆ ಪುಟ್ಟ ಗುಂಡನ್ನು, ತಳ್ಳುತ್ತದೆ. ಭುಜಕ್ಕೆ ಏನೂ ಆಗುವುದಿಲ್ಲ, ಸದ್ದೂ ಟಪ್ ಅಂತ ಅಷ್ಟೇ.

ಕಣ್ಣು ಮುಚ್ಚಲು ಬರದಿದ್ದರೆ ಒಳ್ಳೆಯದೇ ಆಯ್ತು. ಒಂದನ್ನು ಬಿಗಿಯಾಗಿ ಮುಚ್ಚಿದರೆ ಇನ್ನೊಂದೂ ಬೇಗ ದಣಿಯುತ್ತದೆ. ಗುರಿ ಹಿಡಿಯದ ಕಣ್ಣಿನ ಮುಂದೆ, ಕನ್ನಡಕಕ್ಕೆ ಒಂದು ಬಿಳಿ ಕಾಗದದ ಪಟ್ಟಿ ಸಿಕ್ಕಿಸಿದರೆ ಸಾಕು. ಯಾವ ಕಣ್ಣು ಅಂತ ಮನೆಯಲ್ಲೇ ನೋಡಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಅದರಲ್ಲಿ ಗೋಡೆ ಗಡಿಯಾರ ನೋಡಿ. ಮನೆಯವರು ನಿಮ್ಮ ಎಡಗಣ್ಣಿಗೆ ಕೈ ಅಡ್ಡ ಹಿಡಿಯಲಿ. ಗಡಿಯಾರ ಇನ್ನೂ ಕಂಡರೆ ಬಲಗಣ್ಣೇ ನಿಮ್ಮ ಗುರಿಯ ಕಣ್ಣು. ಮಾಯವಾದರೆ ಎಡಗಣ್ಣು. ಅದನ್ನು ಅಲ್ಲಿನ ಕೋಚ್‌ಗೆ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಹೊಸಬರು ಪೆಲೆಟ್ ತುಂಬಿರುತ್ತಾರೆ, ಏನೋ ಅನುಮಾನ ಬರುತ್ತದೆ, 'ಸರ್' ಅಂತ ಹಿಂದೆ ತಿರುಗುತ್ತಾರೆ. ಅವರ ಜೊತೆ ರೈಫಲ್ಲೂ ತಿರುಗುತ್ತದೆ! ಕೇಳಬೇಕಾದರೆ ಬೆರಳನ್ನು ಟ್ರಿಗರ್‌ನಿಂದ ತೆಗೆದು, ನಳಿಗೆಯ ಬಾಯಿ ಟಾರ್ಗೆಟ್ ಕಡೆಗೇ ಇರುವಂತೆ ರೈಫಲ್ ಅನ್ನು ಮೇಜಿನ ಮೇಲಿಡಿ, ಕೈ ಎತ್ತಿ. ಬ್ಯಾರೆಲ್‌ನಲ್ಲಿ ಬಣ್ಣದ ದಾರ ಹಾಯಿಸಿರುವುದನ್ನೂ ಅಲ್ಲಿ ನೋಡುತ್ತೀರಿ. ಎರಡೂ ತುದಿ ಹೊರಗೆ ಕಂಡರೆ ಒಳಗೆ ಪೆಲೆಟ್ ಇಲ್ಲ ಎಂದರ್ಥ. ಆ ದಾರ ಕಾಣದ ರೈಫಲ್ ಅನ್ನು ತುಂಬಿದ್ದು ಅಂತಲೇ ತಿಳಿಯಿರಿ.

ಮತ್ತೆ ಮೈಸೂರಿನವರೇ: ಉಸಿರು ಬಿಗಿಹಿಡಿಯಬೇಕು ಅಂತಾರಲ್ಲ ಸರ್? ಒಂದು ಗುಂಡೂ ಹತ್ತು ಅಂಕದ ನಡುಚುಕ್ಕೆಗೆ ಬೀಳದಿದ್ದರೆ ನಾಚಿಕೆ ಆಗುತ್ತೆ.

ಉತ್ತರ: ಮೊದಲ ದಿನ ಹತ್ತರ ಆಸೆ ಬಿಡಿ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ನಾನು ನೋಡುವುದು ಐದು ತೂತು ಒಂದೇ ಕಡೆ ಬಿದ್ದಿವೆಯಾ ಅಂತ. ಎಲ್ಲವೂ ಎಡಮೂಲೆಯಲ್ಲಿ ಗುಂಪಾಗಿದ್ದರೆ ಸೈಟ್‌ನ (ರೈಫಲ್ ಮೇಲೆ ಗುರಿ ನೋಡುವ ಭಾಗದ) ತಿರುಪು ತಿರುಗಿಸಿ ನಡುವಿಗೆ ತರಬಹುದು. ಊರೆಲ್ಲ ಚದುರಿದ್ದರೆ ತಿರುಪು ಏನೂ ಮಾಡಲಾರದು. ಸ್ಟ್ಯಾಂಡ್ ಮೇಲಿಟ್ಟೇ ಹೊಡೆಯಿರಿ, ಪಕ್ಕದ ಲೇನಿನ ಹುಡುಗ ನಿಂತು ಹೊಡೆದರೆ ಹೊಡೆಯಲಿ. ಉಸಿರನ್ನು ಅರ್ಧ ಬಿಟ್ಟು ನಿಲ್ಲಿಸಿ, ಟ್ರಿಗರ್ ಮೆಲ್ಲಗೆ ಒತ್ತುತ್ತಾ ಹೋಗಿ. ಏಳೆಂಟು ಸೆಕೆಂಡ್‌ನಲ್ಲಿ ಆಗದಿದ್ದರೆ ಬಿಟ್ಟು, ಉಸಿರಾಡಿ, ಮತ್ತೆ ಶುರುಮಾಡಿ. ಹೇಗೋ ಮುಗಿಸೋಣ ಅಂತ ಎಳೆದ ಗುಂಡು ಬಹುಪಾಲು ಹಾಳೇ.

ಪ್ರಶ್ನೆ (ಮಡಿಕೇರಿಯಿಂದ): ಸರ್, ನಾವು ಕೊಡವರು. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಅಭ್ಯಾಸ ಇದೆ. ಮನೆಯ ಕೋವಿಯನ್ನೇ ತರಬಹುದಾ?

ಉತ್ತರ: ಬೇಡ ಸರ್. ನಿಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ ಇದೆ, ನಿಜ. ಆದರೆ 10 ಮೀಟರ್ ರೇಂಜಿನ ಟಾರ್ಗೆಟ್ ಹಿಂದಿನ ತಗಡು ಪೆಲೆಟ್‌ಗೆ ಮಾತ್ರ ಮಾಡಿದ್ದು, ತೋಟಾ ತಡೆಯುವುದಿಲ್ಲ. ಬರಿಗೈಲಿ ಬನ್ನಿ, ಅಲ್ಲಿನ ರೈಫಲ್ಲೇ ಕೊಡ್ತಾರೆ. ಕಾಯಿ ಒಡೆದ ಕೈ ಅಲ್ವಾ, ಟ್ರಿಗರ್ ತುಂಬಾ ಹಗುರ ಅನಿಸುತ್ತದೆ. ಗುರಿ ಕೂರುವ ಮುಂಚೆ ಬೆರಳು ಒಳಗಿಡಬೇಡಿ.

ಪ್ರಶ್ನೆ: ತಿಂಡಿ ತಗೊಂಡು ಹೋಗಬಹುದಾ? ಮಗಳೂ ಬರ್ತಾಳೆ.

ಉತ್ತರ: ಲೇನ್ ಹತ್ತಿರ ಏನೂ ತಿನ್ನಬೇಡಿ. ಪೆಲೆಟ್ ಸೀಸದ್ದು, ಬೆರಳಿಗೆ ಮೆತ್ತಿರುತ್ತದೆ. ಇಬ್ಬರೂ ಸೋಪು ಹಾಕಿ ಕೈ ತೊಳೆದು, ಹೊರಗೆ ಬಂದು ತಿನ್ನಿ. ಮಗಳಿಗೂ ಹೊಡೆಯಲು ಬಿಡ್ತಾರಾ ಅಂತ ಹೊರಡುವ ಮುಂಚೆ ಫೋನ್ ಮಾಡಿ ಕೇಳಿ, ವಯಸ್ಸಿನ ನಿಯಮ ಒಂದೊಂದು ರೇಂಜಿನಲ್ಲಿ ಒಂದೊಂದು ಥರ.