ಕೋವಿಯ ಮರಕ್ಕೆ ಬೆಳ್ಳಿ ತಗಡು ಕೂರಿಸಿದರೆ ಅಂಚಿನಲ್ಲಿ ಸಂದು, ತಪ್ಪೆಲ್ಲಿ?

ಬಾಳೆಲೆ ಬೆಳೆಗಾರ
ಒಂಟಿ ನಳಿಗೆಯ 12 ಬೋರ್ ಕೋವಿ, ವಾಲ್‌ನಟ್ ಮರ. ಬಟ್ಟಿನ (ಹೆಗಲಿಗೆ ಊರುವ ಹಿಂಭಾಗದ ಮರದ) ಬಲಮಗ್ಗುಲಿಗೆ ನಮ್ಮ ಒಕ್ಕದ (ಮನೆತನದ) ಮೊದಲಕ್ಷರ ಕೆತ್ತಿದ ಅಂಡಾಕಾರದ ಬೆಳ್ಳಿ ತಗಡು (40 × 25 ಮಿ.ಮೀ., ದಪ್ಪ 1.5), ಬಟ್ಟಿನ ಹಿಂಬದಿಗೆ 3 ಮಿ.ಮೀ. ಹಿತ್ತಾಳೆ ಪಟ್ಟಿ ಹಾಕಬೇಕು. ಮೊದಲು ಬೇರೆ ವಾಲ್‌ನಟ್ ತುಂಡಿನಲ್ಲಿ ಪ್ರಯತ್ನಿಸಿದಾಗ ತಗಡಿನ ಸುತ್ತ ಅರ್ಧ ಮಿ.ಮೀ. ಸಂದು ಬಿತ್ತು, ಎರಡು ತುದಿಯೂ ಮೇಲೆದ್ದಿವೆ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್, ಕೊಡವರ ಆಯುಧ ಪೂಜೆಯ ಹಬ್ಬ. ಅಷ್ಟರೊಳಗೆ ಆಗುತ್ತದಾ?

ಮರಗೆಲಸ ವಿರಾಜಪೇಟೆ
ತುದಿ ಏಳುವುದಕ್ಕೆ ಕಾರಣ ಒಂದೇ: ಚಪ್ಪಟೆ ತಗಡನ್ನು ಉಬ್ಬಿದ ಮರಕ್ಕೆ ಒತ್ತಿದ್ದೀರಿ. ಅಂಟು ಅದನ್ನು ಹಿಡಿದಿಡುವುದಿಲ್ಲ. ಗುಳಿ ತೋಡುವ ಮೊದಲೇ ತಗಡನ್ನು ಬಟ್ಟಿನ ಉಬ್ಬಿಗೆ ಸರಿಯಾಗಿ ಬಗ್ಗಿಸಿ. ಕೈಬಿಟ್ಟರೂ ಎಲ್ಲ ಕಡೆ ಮರಕ್ಕೆ ತಾಗಿಕೊಂಡಿರಬೇಕು.

ಸಂದಿಗೆ ಕಾರಣ ಅಂಚು. ನೇರ ಅಂಚಿನ ತಗಡನ್ನು ಹತ್ತು ಸಲ ಹಾಕಿ ತೆಗೆದರೆ ಗುಳಿಯ ಬಾಯಿ ಸವೆಯುತ್ತದೆ. ಅಂಚನ್ನು ಅರದಿಂದ ಒಳಕ್ಕೆ ಇಳಿಜಾರು ಮಾಡಿ, 5ರಿಂದ 7 ಡಿಗ್ರಿ ಸಾಕು, ಕೆಳಮುಖ ಚಿಕ್ಕದು, ಮೇಲ್ಮುಖ ದೊಡ್ಡದು. ಆಗ ತಗಡು ಬೆಣೆಯ ಹಾಗೆ ಇಳಿಯುತ್ತಾ ಸಂದನ್ನು ತಾನೇ ಮುಚ್ಚುತ್ತದೆ. ಗುರುತನ್ನು ಕೆಳಮುಖದ ಸುತ್ತ ಚೂಪಾದ ಚಾಕುವಿನಿಂದ ಹಾಕಿ. ಪೆನ್ಸಿಲ್ ಗೆರೆಯ ದಪ್ಪವೇ ಸಂದಾಗುತ್ತದೆ. ಗೆರೆಯ ಮೇಲೆ ಉಳಿಯನ್ನು ನೆಟ್ಟಗೆ ಇಳಿಸಿ, ಆಮೇಲೆ ನಡುವಿನಿಂದ ಮರ ತೆಗೆಯುತ್ತಾ ಬನ್ನಿ.

ತಗಡಿನ ಅಡಿಗೆ ದೀಪದ ಮಸಿ ಹಿಡಿಸಿ ಒತ್ತಿ ನೋಡಿ, ಕಪ್ಪು ತಾಗಿದ ಕಡೆ ಮಾತ್ರ ಕೆರೆಯಿರಿ. ಇದನ್ನು ಇಪ್ಪತ್ತು ಮೂವತ್ತು ಸಲ ಮಾಡಬೇಕಾಗುತ್ತದೆ. ಇಲ್ಲಿ ಅವಸರ ಮಾಡಿದವರ ಕೆಲಸ ದೂರದಿಂದಲೇ ತಿಳಿಯುತ್ತದೆ. ತಗಡು 0.3 ಮಿ.ಮೀ. ಮೇಲಿದ್ದಾಗ ನಿಲ್ಲಿಸಿ, ಉಳಿದದ್ದನ್ನು ಅರ ತೆಗೆಯುತ್ತದೆ.

ಈಗ ಮಳೆಗಾಲ, ಅದೇ ದೊಡ್ಡ ತೊಡಕು. ಮರ ಎಳೆಯ ಉದ್ದಕ್ಕೆ ಅಲ್ಲಾಡುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. 25 ಮಿ.ಮೀ. ಅಗಲದಲ್ಲಿ ಮಳೆಗೂ ಬೇಸಿಗೆಗೂ ಕಾಲು ಮಿ.ಮೀ. ತನಕ ವ್ಯತ್ಯಾಸ ಬರಬಹುದು. ಮರದ ಜೊತೆ ಗುಳಿಯೂ ಹಿಗ್ಗಿ ಕುಗ್ಗುತ್ತದೆ: ಈಗ ಬಿಗಿಯಾಗಿ ಕೂರಿಸಿದರೆ ಮಾರ್ಚ್‌ಗೆ ಮರ ಕುಗ್ಗಿ ಒತ್ತಿ ತಗಡು ಉಬ್ಬೀತು, ಮಾರ್ಚ್‌ನಲ್ಲಿ ಕೂರಿಸಿದರೆ ಜುಲೈಯಲ್ಲಿ ಸಂದು. ನಡುವಿನ ಹದ ಡಿಸೆಂಬರ್, ಜನವರಿ, ಕಾಫಿ ಕೊಯ್ಲಿನ ಹೊತ್ತು. ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಮರ ಸೀಳುತ್ತದೆ.

ಹಿತ್ತಾಳೆ ಪಟ್ಟಿ ಈಗಲೇ ಹಾಕಬಹುದು. ಬೇಸಿಗೆಯಲ್ಲಿ ಮರ ಕುಗ್ಗಿದರೆ ಪಟ್ಟಿಯ ಅಂಚು ಕೂದಲಷ್ಟು ಹೊರಗೆ ನಿಂತೀತು, ಅಷ್ಟೇ. ಮಸಿ ಪರೀಕ್ಷೆ ಇಲ್ಲೂ ಬೇಕು, ಮುಖ್ಯವಾಗಿ ಕೆಳತುದಿಯಲ್ಲಿ. ಅಲ್ಲಿ ಮರ ತೆಳ್ಳಗೆ, ಎಳೆ ಓರೆಯಾಗಿ ಹೊರಗೆ ಓಡಿರುತ್ತದೆ. ಪಟ್ಟಿ ಅಲ್ಲಿ ಮಾತ್ರ ತಾಗಿದರೆ ಗುಂಡು ಹಾರಿದ ಒದೆತಕ್ಕೆ ಚೂರು ಏಳುತ್ತದೆ. 8ನೇ ನಂಬರ್ ಸ್ಕ್ರೂಗೆ 3 ಮಿ.ಮೀ. ತೂತು ಕೊರೆಯಿರಿ, ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂಗೆ ಮೇಣ ಸವರಿ ದಾರಿ ಮಾಡಿ, ಆಮೇಲೆ ಹಿತ್ತಾಳೆಯದನ್ನು ಹಾಕಿ. ನೇರವಾಗಿ ಹಿತ್ತಾಳೆ ಸ್ಕ್ರೂ ತಿರುಗಿಸಿದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ಉಕ್ಕಿನದನ್ನೇ ಬಿಟ್ಟರೆ ತೇವಕ್ಕೆ ವಾಲ್‌ನಟ್‌ನ ಒಗರು ಸೇರಿ ಸುತ್ತ ಕಪ್ಪು ಕಲೆ.

ಅಕ್ಕಸಾಲಿ ಮಡಿಕೇರಿ
ಶುದ್ಧ ಬೆಳ್ಳಿ ಬೇಡ, ಮೆತ್ತಗಾಯಿತು. ಶೇ. 92.5 ಬೆಳ್ಳಿ ಇರುವ ತಗಡು ಹೇಳಿ. ಅಕ್ಷರವನ್ನು ಮೊದಲೇ ಕೆತ್ತಿಸಬೇಡಿ, ಮಟ್ಟ ಮಾಡುವಾಗ ಅರ ಅದನ್ನೂ ತಿನ್ನುತ್ತದೆ. ಕೂರಿಸಿ, ಮಟ್ಟ ಮಾಡಿ, ತೆಗೆದು ಕೆತ್ತಿಸಿ, ಕೊನೆಗೆ ಅಂಟಿಸಿ. ಹಾಕಿ ತೆಗೆಯಲು ತಗಡಿನ ಮೇಲೆ ಸಣ್ಣ ಮರದ ಹಿಡಿಯನ್ನು ಅರಗಿನಿಂದ ಕೂರಿಸಿಕೊಳ್ಳಿ. ಚಾಕುವಿನ ತುದಿಯಿಂದ ಎಬ್ಬಿದರೆ ಗುಳಿಯ ಬಾಯಿ ಹೋಯಿತು.

ಅರ ಹಾಕುವ ಮೊದಲು ಸುತ್ತಲ ಮರಕ್ಕೆ ಎರಡು ಕೈ ಫ್ರೆಂಚ್ ಪಾಲಿಶ್ (ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು) ಕೊಡಿ, ಇಲ್ಲವಾದರೆ ಬೆಳ್ಳಿ ಪುಡಿ ಮರದ ರಂಧ್ರಕ್ಕೆ ಇಳಿದು ಬೂದು ಬಣ್ಣ ಉಳಿಯುತ್ತದೆ. ಸ್ಯಾಂಡ್ ಪೇಪರನ್ನು ಗಟ್ಟಿ ಮರದ ತುಂಡಿಗೆ ಸುತ್ತಿಯೇ ಉಜ್ಜಿ. ಬೆರಳಲ್ಲಿ ಉಜ್ಜಿದರೆ ಮರ ಬೇಗ ಸವೆದು ತಗಡಿನ ಸುತ್ತ ತಗ್ಗು ಬೀಳುತ್ತದೆ.

ಅಂಟು ಅರಾಲ್ಡೈಟ್, 24 ಗಂಟೆಯದು. ಅಡಿಯನ್ನು ಒರಟು ಮಾಡಿ ಅಸಿಟೋನ್‌ನಿಂದ ಒರೆಸಿ. ಮರ ತೇಗ ಅಥವಾ ಬೀಟೆಯಾಗಿದ್ದರೆ ಗುಳಿಯನ್ನೂ ಒರೆಸಬೇಕು, ಅವುಗಳ ಎಣ್ಣೆಗೆ ಅಂಟು ಬಿಡುತ್ತದೆ. ಭದ್ರಕ್ಕೆ ಅದೇ ಬೆಳ್ಳಿಯ 1 ಮಿ.ಮೀ. ತಂತಿಯಿಂದ ಎರಡು ಮೊಳೆ ಹೊಡೆದು, ತಲೆ ಬಡಿದು ಅರ ಹಾಕಿ. ಮೊಳೆ ಕಾಣುವುದೇ ಇಲ್ಲ.

ಪೊನ್ನಂಪೇಟೆ ವಕೀಲ
ಕೆಲಸಕ್ಕೆ ಕೋವಿ ಕೊಡಬೇಡಿ, ಮರ ಮಾತ್ರ ಕೊಡಿ. ಕೊಡವರಾದ ನಮಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇದೆ ನಿಜ. ಆದರೆ 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಕೋವಿ ರಿಪೇರಿಯ ವ್ಯವಹಾರಕ್ಕೆ ಲೈಸೆನ್ಸ್ ಬೇಕು, ಅದು ಬಡಗಿಗೂ ಅಕ್ಕಸಾಲಿಗೂ ಇರುವುದಿಲ್ಲ. ಕೋವಿಯಲ್ಲಿ ತೋಟಾ ಇಲ್ಲವೆಂದು ನೋಡಿಕೊಂಡು, ಲೈಸೆನ್ಸ್ ಇರುವವರಿಂದ ಮರ ಬಿಚ್ಚಿಸಿ. ನಂಬರ್ ಇರುವ ಜಾಗ ಉಜ್ಜುವುದು, ಮುಚ್ಚುವುದು ಕೂಡದು.

ಬಾಳೆಲೆ ಬೆಳೆಗಾರ
ಹಾಗಾದರೆ ಈ ವರ್ಷ ಹಿತ್ತಾಳೆ ಮಾತ್ರ. ಪೂಜೆಯಲ್ಲಿ ಗಂಧ ಹಚ್ಚಿ ತೋಕ್ ಪೂ (ಕೋವಿ ಹೂ) ಇಡುತ್ತೇವಲ್ಲ, ಹಿತ್ತಾಳೆಗೆ ತೊಂದರೆಯೇ?

ಮರಗೆಲಸ ವಿರಾಜಪೇಟೆ
ಹಚ್ಚಿದ್ದರಿಂದ ತೊಂದರೆಯಿಲ್ಲ, ರಾತ್ರಿಯಿಡೀ ಬಿಟ್ಟರೆ ಹಸಿರು ಕಲೆ. ಕನ್ನಿಕೊಂಬರೆಯಿಂದ (ದೇವರ ಕೋಣೆಯಿಂದ) ತೆಗೆದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಮೇಣ ಸವರಿ. ಚರ್ಮದ ಕವರಿನಲ್ಲಿ ಇಟ್ಟು ಬಿಡಬೇಡಿ, ಅದು ತೇವ ಹಿಡಿಯುತ್ತದೆ. ಮುಂದೆ ಬೆಳ್ಳಿ ಕೂರಿಸಿದ ಮೇಲೆ ರಬ್ಬರ್ ಪಟ್ಟಿಯನ್ನೂ ದೂರ ಇಡಿ, ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ.