ತಮ್ಮನ ಕೈಯನ್ನು ರಿಸರ್ಚ್‌ಗೆ ಸೇರಿಸಬಹುದಾ?

ಪ್ರಶ್ನೆ (ಮಂಡ್ಯದಿಂದ): ನಮಸ್ಕಾರ ಡಾಕ್ಟ್ರೇ. ಕಬ್ಬು ಕಡಿಯುವಾಗ ಮಚ್ಚು ಜಾರಿ ನನ್ನ ತಮ್ಮನ ಎಡಗೈಯ ಎರಡು ಬೆರಳಿನ ನರ ಕಟ್ ಆಗಿತ್ತು. ಮೂರು ದಿನದ ಹಿಂದೆ ಮೈಸೂರಲ್ಲಿ ಹೊಲಿದರು. ಎಚ್ಚರ ಇರುವಾಗಲೇ ಆಪರೇಷನ್, ಮಧ್ಯೆ "ಬೆರಳು ಮಡಚಪ್ಪ" ಅಂದರಂತೆ! ಈಗ ಎರಡು ಥರದ ವ್ಯಾಯಾಮ ಹೋಲಿಸುವ ರಿಸರ್ಚ್‌ಗೆ ಸೇರ್ತೀಯಾ ಅಂತಿದ್ದಾರೆ. ಯಾವ ಥರದ್ದು ಅಂತ ಕಂಪ್ಯೂಟರ್ ಆರಿಸುತ್ತಂತೆ. ಅಪ್ಪ "ನನ್ನ ಮಗನ ಮೇಲೆ ಪ್ರಯೋಗ ಬೇಡ" ಅಂತಿದ್ದಾರೆ. ಏನು ಮಾಡೋಣ?

ಉತ್ತರ (ಹ್ಯಾಂಡ್ ಸರ್ಜನ್, ಮೈಸೂರು): ಅಪ್ಪನ ಭಯ ಸಹಜ ಅಮ್ಮ. ನಮ್ಮ ಕಡೆ ನರ ಅಂತ ಕರೆಯೋದು ಇಲ್ಲಿ ಟೆಂಡನ್, ಬೆರಳು ಮಡಚುವ ಹುರಿ. ಸೈಕಲ್ ಬ್ರೇಕ್ ವೈರ್ ಥರ ಕೊಳವೆಯೊಳಗೆ ಜಾರುತ್ತದೆ. ಹೊಲಿದ ಮೇಲೆ ಸುಮ್ನೆ ಕಟ್ಟಿಟ್ಟರೆ ಕೊಳವೆಗೆ ಅಂಟಿಕೊಂಡು ಬೆರಳು ಬಿಗಿಯುತ್ತದೆ. ಜಾಸ್ತಿ ಎಳೆದರೆ ಹೊಲಿಗೆ ಕಿತ್ತು ಬರುತ್ತದೆ. ಎಷ್ಟು ಬೇಗ, ಎಷ್ಟು ಆಡಿಸಬೇಕು ಅನ್ನೋದು ನಮ್ಮಲ್ಲಿ ಇನ್ನೂ ಮುಗಿಯದ ಚರ್ಚೆ. ಎರಡು ವಿಧಾನವೂ ಬಳಕೆಯಲ್ಲಿದ್ದು, ಯಾವುದು ಮೇಲು ಅಂತ ಖಾತ್ರಿ ಇಲ್ಲದಿದ್ದಾಗಲೇ ಇಂಥ ಹೋಲಿಕೆ ಮಾಡೋದು.

ಕಂಪ್ಯೂಟರ್ ಯಾಕೆ? ನಾನೇ ಆರಿಸಿದರೆ, ಗಾಯ ಸಣ್ಣದಿರುವವರನ್ನು ಗೊತ್ತಿಲ್ಲದೇ ನನಗಿಷ್ಟವಾದ ವಿಧಾನಕ್ಕೇ ಹಾಕಿಬಿಡುತ್ತೇನೆ. ಆಮೇಲೆ ಗುಣವಾಗಿದ್ದು ವ್ಯಾಯಾಮದಿಂದಲೋ, ಗಾಯ ಸಣ್ಣದಿದ್ದುದರಿಂದಲೋ ಹೇಳೋಕಾಗಲ್ಲ.

ತಮ್ಮ ಎಚ್ಚರವಾಗಿದ್ದನಲ್ಲ, ಅದೂ ಒಂದು ಅಧ್ಯಯನದ ಫಲವೇ. ಬೆರಳಿಗೆ ಅಡ್ರಿನಲಿನ್ (ರಕ್ತನಾಳ ಕುಗ್ಗಿಸುವ ಔಷಧ) ಸೇರಿಸಿದ ಮರಗಟ್ಟಿಸುವ ಸೂಜಿ ಕೊಟ್ಟರೆ ಬೆರಳೇ ಕೊಳೆಯುತ್ತದೆ ಅಂತ ದಶಕಗಳ ಕಾಲ ಡಾಕ್ಟರುಗಳು ಹೆದರಿದ್ದರು. ಕೆನಡಾದ ಸರ್ಜನ್‌ಗಳು ಒಂದರ ಹಿಂದೆ ಒಂದು 3,110 ಕೇಸುಗಳಲ್ಲಿ ಕೊಟ್ಟು, ಬರೆದಿಟ್ಟು, 2005ರಲ್ಲಿ ಪ್ರಕಟಿಸಿದರು. ಒಂದು ಬೆರಳೂ ಹಾಳಾಗಿರಲಿಲ್ಲ. ಈ ಸೂಜಿ ಕೊಟ್ಟರೆ ರಕ್ತ ಕಡಿಮೆ, ತೋಳಿಗೆ ಬಿಗಿಯುವ ಪಟ್ಟಿ ಬೇಡ, ಪೂರ್ತಿ ಮಂಪರೂ ಬೇಡ. ನಿಮ್ಮ ತಮ್ಮ ಬೆರಳು ಮಡಚಿದಾಗ ಹೊಲಿಗೆ ಸಿಕ್ಕಿಕೊಳ್ಳದೆ ಜಾರುತ್ತಿದೆಯಾ, ಬಾಯಿ ಬಿಡುತ್ತಿದೆಯಾ ಅಂತ ಸರ್ಜನ್ ಅಲ್ಲೇ ಕಣ್ಣಾರೆ ನೋಡಿರುತ್ತಾರೆ. ಸರಿಯಿಲ್ಲದಿದ್ದರೆ ಗಾಯ ಮುಚ್ಚುವ ಮೊದಲೇ ಸರಿ ಮಾಡಬಹುದು.

ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ. ಒಂದು ಪ್ರತಿ ಮನೆಗೆ ತನ್ನಿ. ರಿಸರ್ಚ್‌ನಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿ ಒಪ್ಪಿದೆಯಾ, ತೊಂದರೆಯಾದರೆ ಖರ್ಚು ಯಾರದು, ಇವೆರಡನ್ನು ಸಂಕೋಚ ಬಿಟ್ಟು ಕೇಳಿ. ತಮ್ಮನಿಗೆ 18 ತುಂಬಿದ್ದರೆ ನಿರ್ಧಾರ ಅವನದು. ಅಪ್ಪನದೂ ಅಲ್ಲ, ನಿಮ್ಮದೂ ಅಲ್ಲ.

ಪ್ರಶ್ನೆ: ಅವನಿಗೆ 24, ಡಾಕ್ಟ್ರೇ. ಸೇರಿ ಮಧ್ಯೆ ಬೇಡ ಅನ್ನಿಸಿದರೆ? ಗದ್ದೆ ಕೆಲಸ ಯಾವಾಗ ಮಾಡಬಹುದು?

ಉತ್ತರ: ಯಾವತ್ತು ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ. ಅದಕ್ಕಾಗಿ ಆಸ್ಪತ್ರೆಯವರು ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಾಮಾನ್ಯವಾಗಿ ಸ್ಪ್ಲಿಂಟ್ (ಕೈಗೆ ಆಸರೆ ಕೊಡುವ ಪಟ್ಟಿ) ಸುಮಾರು 6 ವಾರ, ಮಚ್ಚು ಹಿಡಿಯುವಂಥ ಭಾರದ ಕೆಲಸ 12 ವಾರದ ನಂತರ. ನೋವಿಲ್ಲ ಅಂತ ಮೊದಲೇ ಬಕೆಟ್ ಎತ್ತಿ ಹೊಲಿಗೆ ಕಿತ್ತುಕೊಂಡು ಬಂದವರನ್ನು ನೋಡಿ ತುಂಬಾ ಸಂಕಟಪಟ್ಟಿದ್ದೇನೆ. ರಿಸರ್ಚ್‌ಗೆ ಸೇರಲಿ, ಬಿಡಲಿ, ವ್ಯಾಯಾಮ ಶುರುವಾಗೋದು ಈ ದಿನಗಳಲ್ಲೇ. ನಾಳೆಯೇ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಿ.