ಅನ್ನನಾಳದ ಆಪರೇಷನ್: ರೋಬೋಟ್‌ಗೆಂದು ತೋಟ ಅಡವಿಡಬೇಕೇ?

ಕೇಳಿದವರು, ದಾವಣಗೆರೆ:
ಅಪ್ಪನಿಗೆ 61 ವರ್ಷ. ಅನ್ನನಾಳದ ನಡುಭಾಗದಲ್ಲಿ ಕ್ಯಾನ್ಸರ್. ಐದು ವಾರಗಳ ಕೀಮೋ, ರೇಡಿಯೇಷನ್ ಮುಗಿದಿವೆ. ಮುಂದಿನ ತಿಂಗಳು ಆಪರೇಷನ್. ರೋಬೋಟ್ ಆದರೆ ಲಕ್ಷಗಟ್ಟಲೆ ಹೆಚ್ಚು ಖರ್ಚು ಎನ್ನುತ್ತಾರೆ. ಅಣ್ಣ ತೋಟ ಅಡವಿಡಲು ಹೊರಟಿದ್ದಾನೆ. ಮಾಡಿಸಿದವರು ದಯವಿಟ್ಟು ತಿಳಿಸಿ.

ಹಾಸನದಿಂದ:
ನಮ್ಮ ತಂದೆಗೆ ರೋಬೋಟ್‌ನಲ್ಲೇ ಆಯಿತು. ಯಂತ್ರ ತಾನಾಗಿ ಏನನ್ನೂ ಕೊಯ್ಯುವುದಿಲ್ಲ. ವೈದ್ಯರು ಅದೇ ಕೋಣೆಯಲ್ಲಿ ಕುಳಿತು ಅದರ ಕೈಗಳನ್ನು ಆಡಿಸುತ್ತಾರೆ. ಎದೆಯನ್ನು ಅಗಲವಾಗಿ ಸೀಳದ ಕಾರಣ ನೋವು ಕಡಿಮೆಯಿತ್ತು, ಮರುದಿನವೇ ಕುರ್ಚಿಯಲ್ಲಿ ಕೂರಿಸಿದರು. ಆದರೆ ಹೊರಗಿನ ಗಾಯ ಚಿಕ್ಕದೆಂದು ಒಳಗಿನ ಕೆಲಸ ಚಿಕ್ಕದಲ್ಲ. ಅನ್ನನಾಳ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ, ಕುತ್ತಿಗೆಯವರೆಗೆ ತಂದು ಹೊಲಿಯುತ್ತಾರೆ. ಏಳನೆಯ ದಿನ ಆ ಹೊಲಿಗೆ ಸೋರಿತು. ಹದಿನೆಂಟು ದಿನ ಬಾಯಿಗೆ ಹನಿ ನೀರಿಲ್ಲ, ಕರುಳಿಗೆ ಇಟ್ಟ ನಳಿಕೆಯಲ್ಲೇ ಆಹಾರ. ಇಷ್ಟು ಹಣ ಕೊಟ್ಟರೂ ಸೋರುವುದೇ ಎಂದು ಜಗಳಕ್ಕೇ ಹೋಗಿದ್ದೆ. ಯಾವ ವಿಧಾನದಲ್ಲಾದರೂ ಸೋರಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದಿರಲಿಲ್ಲ.

ಬೆಂಗಳೂರಿನಿಂದ:
ಎದೆ ಸೀಳುವುದು, ಇಲ್ಲವೇ ರೋಬೋಟ್ ಎಂದು ಎರಡೇ ದಾರಿ ತೋರಿಸಿದರೇ? ಮೂರನೆಯದೂ ಇದೆ: ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ, ವೈದ್ಯರು ಕೈಯಲ್ಲೇ ಉಪಕರಣ ಹಿಡಿದು ಮಾಡುವುದು. ನನ್ನ ಅಕ್ಕನಿಗೆ ಆದದ್ದು ಅದೇ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ, 112 ರೋಗಿಗಳ ಅಧ್ಯಯನದಲ್ಲಿ ಎದೆ ತೆರೆದವರಲ್ಲಿ ಶೇ. 80, ರೋಬೋಟ್‌ನವರಲ್ಲಿ ಶೇ. 59 ಮಂದಿಗೆ ತೊಡಕುಗಳಾದವು. ಎಲ್ಲರೂ ತೋರಿಸುವುದು ಈ ಅಂಕಿಯನ್ನೇ. ಚೀನಾದಲ್ಲಿ ರೋಬೋಟನ್ನು ಈ ಮೂರನೆಯ ವಿಧಾನದೊಡನೆ ಹೋಲಿಸಿದಾಗ ಸಮಯ ಉಳಿಯಿತು, ತೊಡಕುಗಳು ಹೆಚ್ಚುಕಡಿಮೆ ಅಷ್ಟೇ. ನಾನಾಗಿದ್ದರೆ ಯಂತ್ರದ ಬಗ್ಗೆ ಕೇಳುವ ಮೊದಲು, ಆ ವೈದ್ಯರು ವರ್ಷಕ್ಕೆ ಎಷ್ಟು ಅನ್ನನಾಳದ ಆಪರೇಷನ್ ಮಾಡುತ್ತಾರೆಂದು ಕೇಳುತ್ತಿದ್ದೆ.

ಶಿವಮೊಗ್ಗದಿಂದ:
ನಾನೇ ರೋಗಿ, ಮೂರು ವರ್ಷವಾಯಿತು. ಬೀಡಿ ಸೇದಿ ಗಳಿಸಿದ ಕಾಯಿಲೆ. ನನಗೆ ಎದೆ ತೆರೆದೇ ಮಾಡಿದರು; ಬದುಕಿದ್ದೇನೆ, ಪಕ್ಕೆಯ ನೋವು ಮಾತ್ರ ಇನ್ನೂ ಇದೆ. ನಿಮ್ಮ ತಂದೆಯವರಿಗೆ ಈಗಿನಿಂದಲೇ ಮೂರು ಚೆಂಡಿನ ಉಸಿರಾಟದ ಉಪಕರಣ ಅಭ್ಯಾಸ ಮಾಡಿಸಿ. ಅದನ್ನು ಊದುವುದಲ್ಲ, ಉಸಿರನ್ನು ಒಳಗೆ ಎಳೆಯುವುದು. ನಾನು ಎರಡು ದಿನ ಊದಿ ಊದಿ ಸುಸ್ತಾದೆ. ಆಪರೇಷನ್ ಆದಮೇಲೆ ಊಟ ದಿನಕ್ಕೆ ಆರು ಸಲ, ಒಂದೊಂದು ಸಲವೂ ಅರ್ಧ ಮುದ್ದೆಯಷ್ಟು. ಒಮ್ಮೆ ಮದುವೆಮನೆಯಲ್ಲಿ ಪಾಯಸ ಕುಡಿದು, ಎದೆ ಹೊಡೆದುಕೊಂಡು ಬೆವತು ಕುಳಿತೆ. ಸಿಹಿ ಬೇಗನೆ ಕರುಳಿಗಿಳಿದರೆ ಹಾಗಾಗುತ್ತದಂತೆ. ಚಪ್ಪಟೆಯಾಗಿ ಮಲಗಿದರೆ ತಿಂದದ್ದು ಗಂಟಲಿಗೇ ಬರುತ್ತದೆ. ಮಂಚದ ತಲೆದೆಸೆಯ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದೇನೆ.

ಕೇಳಿದವರು:
ಮಂಗಳವಾರ ವೈದ್ಯರನ್ನು ಕಂಡು ಮೂರನೆಯ ದಾರಿಯ ಬಗ್ಗೆಯೂ ವರ್ಷದ ಲೆಕ್ಕವನ್ನೂ ಕೇಳುತ್ತೇವೆ. ಅಲ್ಲಿಯವರೆಗೆ ತೋಟದ ಪತ್ರ ಬೀರುವಿನಲ್ಲೇ ಇರಲಿ ಎಂದು ಅಣ್ಣನಿಗೆ ಹೇಳಿದ್ದೇನೆ. ಚೆಂಡಿನ ಉಪಕರಣ ಬಂದಿದೆ. ಎಷ್ಟು ಹೇಳಿದರೂ ಅಪ್ಪ ಊದುತ್ತಲೇ ಇದ್ದಾರೆ.